ಹಳೆಯ ಕ್ಯಾಮೆರಾದ ಪರವಾಗಿ ಒಂದು ವಕಾಲತ್ತು

ಯಾವುದೇ ವಸ್ತುವನ್ನು, ಅದು ಹುಟ್ಟಿದ ಕಾಲದಲ್ಲಿ ಲೋಕದಲ್ಲೇ ಇಲ್ಲದಿದ್ದ ಗುಣಗಳು ಅದರಲ್ಲಿಲ್ಲವೆಂದು ದೂಷಿಸುವುದು ಅನ್ಯಾಯ ಎಂದು ನಾನು ದೃಢವಾಗಿ ನಂಬಿದ್ದೇನೆ. ನಂಬಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವುದು ನನ್ನ ಸ್ವಭಾವವಲ್ಲವಾದ್ದರಿಂದ ಚಾಮರಾಜನಗರದಲ್ಲಿ ನನ್ನನ್ನು ಬಲ್ಲವರಿಗೆಲ್ಲ ಇದು ಗೊತ್ತಿದೆ. ಅವರಲ್ಲಿ ಕೆಲವರು ನಾನು ಎದುರಿಗೆ ಬಂದಾಗ ರಸ್ತೆ ದಾಟಿಬಿಡುವುದಕ್ಕೆ ಇದೂ ಒಂದು ಕಾರಣವಿರಬಹುದು. ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಾನು ಕಲಿತದ್ದಾದರೂ ಪ್ರಶ್ನೆ ಕೇಳದ ಮಕ್ಕಳನ್ನು ಕಂಡರೆ ಮೇಷ್ಟರೇ ಕಳವಳಪಡುತ್ತಿದ್ದಂಥ ಒಂದು ಶಾಲೆಯಲ್ಲಿ. ಅಲ್ಲಿ ಅಂಟಿದ ಚಾಳಿ ಇನ್ನೂ ಬಿಟ್ಟಿಲ್ಲ. ಬ್ಯಾಂಕಿನ ನಮೂನೆಯಲ್ಲಿ ಕನ್ನಡವಿಲ್ಲದಿದ್ದರೆ ಮನವಿ ಕೊಡುತ್ತೇನೆ, ಬಸ್ಸಿನ ಮೆಟ್ಟಿಲು ಸೀರೆಯುಟ್ಟವರಿಗೆ ಎತ್ತರವಾದರೆ ಮನವಿ ಕೊಡುತ್ತೇನೆ. ಮದುವೆ ಮನೆಯಲ್ಲಿ ಬಡಿಸುವವರು ಗಂಡಸರ ಪಂಕ್ತಿಗೆ ಎರಡನೆಯ ಸಲ ಹೋಳಿಗೆ ತಂದು ಹೆಂಗಸರ ಪಂಕ್ತಿಯನ್ನು ಮರೆತಾಗ, ಮನವಿಗೆ ಕಾಗದ ಸಿಗದೆ ಎದ್ದುನಿಂತೇ ಮಾತಾಡಿದ್ದೇನೆ. ಹೀಗಿರುವಾಗ ನನ್ನ ಸ್ವಂತ ಕ್ಯಾಮೆರಾಕ್ಕೆ ಅನ್ಯಾಯವಾಗುತ್ತಿದ್ದರೆ ಸುಮ್ಮನಿರುವುದು ಹೇಗೆ?

ಕ್ಯಾಮೆರಾ ದೊಡ್ಡದೇನಲ್ಲ. ಒಳಗೆ ಕನ್ನಡಿಯಿಲ್ಲದ, ಮುಂದಿನ ಲೆನ್ಸನ್ನು ತಿರುಗಿಸಿ ಬಿಚ್ಚಬಹುದಾದ, ಅಂಗೈಯಲ್ಲಿ ಕೂರುವ ಜಾತಿಯದು. ಕೊಂಡು ಹತ್ತು ಹನ್ನೆರಡು ವರ್ಷಗಳು ಸಂದಿವೆ. ಅಂದು ಅದನ್ನು ಕೈಯಲ್ಲಿ ಹಿಡಿದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋದಾಗ ಮುಖ್ಯೋಪಾಧ್ಯಾಯರು ಭಾಷಣವನ್ನು ಅರ್ಧಕ್ಕೆ ನಿಲ್ಲಿಸಿ ಕೂದಲು ಸರಿಮಾಡಿಕೊಂಡಿದ್ದರು. ಇಂದು ಅದನ್ನೇ ಹೊರತೆಗೆದರೆ ಒಂಬತ್ತನೆಯ ತರಗತಿಯ ಹುಡುಗಿಯರು, ಅಜ್ಜಿ ಎಲೆಯಡಿಕೆ ಚೀಲ ಬಿಚ್ಚಿದಾಗ ನೋಡುವ ಕರುಣೆಯಿಂದ ನೋಡುತ್ತಾರೆ. "ಮಿಸ್, ಇದ್ರಲ್ಲಿ ಟಚ್ ಇಲ್ವಾ?" "ಮಿಸ್, ಫೋಟೋ ಹೆಂಗೆ ಕಳಿಸೋದು?" ಇಲ್ಲ, ಟಚ್ ಇಲ್ಲ. ಕಳಿಸುವುದಕ್ಕೆ ಬರುವುದಿಲ್ಲ. ತಂತಿ ಬೇಕು, ಆ ತಂತಿ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಫೋಕಸ್ ಮಾಡುವಾಗ ಅದು ಒಂದು ಕ್ಷಣ ಹಿಂದೆ ಮುಂದೆ ಯೋಚಿಸುತ್ತದೆ. ಯೋಚಿಸಿ ನಿರ್ಧರಿಸುವುದು ದೋಷವೆಂದು ಯಾವ ಶಾಸನ ಹೇಳುತ್ತದೆ? ಬೆಳಕು ಕಡಿಮೆಯಾದರೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು ಕಾಣಿಸುತ್ತದೆ. ಬೆಳಕೇ ಇಲ್ಲದಲ್ಲಿ ಇದೆಯೆಂದು ಸುಳ್ಳು ಹೇಳುವುದಕ್ಕಿಂತ ಇದು ಮೇಲಲ್ಲವೇ? ಬ್ಯಾಟರಿ ಮುಗಿದು ನಾಲ್ಕು ದಿನ ಹಾಗೇ ಇಟ್ಟರೆ ಅದು ದಿನಾಂಕ, ಗಂಟೆ ಎಲ್ಲವನ್ನೂ ಮರೆತು, ಮತ್ತೆ ಎಬ್ಬಿಸಿದಾಗ ಇವತ್ತು ಯಾವ ದಿನ ಎಂದು ಕೇಳುತ್ತದೆ. ಬೇಸಗೆ ರಜೆಯಲ್ಲಿ ನಾನೂ ಕೇಳುತ್ತೇನೆ. ಯಾರೂ ನನ್ನನ್ನು ಗುಜರಿಗೆ ಹಾಕು ಎಂದಿಲ್ಲ, ಇದುವರೆಗೆ.

ಅಂತರ್ಜಾಲದಲ್ಲಿ ಹಳೆಯ ಕ್ಯಾಮೆರಾಗಳ ಗುಣದೋಷ ಹೇಳುವವರ ವಿಡಿಯೊಗಳಿವೆ. ಅದರಲ್ಲೊಬ್ಬ ಯುವಕ ನನ್ನದೇ ಮಾದರಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇವತ್ತಿನ ಲೆಕ್ಕದಲ್ಲಿ ಇದು ಪೇಪರ್‌ವೇಟು" ಎಂದು ನಕ್ಕ. ಕೆಳಗೆ ನಾನು ಹದಿನಾಲ್ಕು ವಾಕ್ಯಗಳ ಆಕ್ಷೇಪಣೆ ಬರೆದೆ. ಯಂತ್ರವನ್ನು ಕೆಡುವ ಮೊದಲೇ ಸತ್ತಿತೆಂದು ಸಾರುವುದು ಕೊಳ್ಳುಬಾಕತನದ ಪಿತೂರಿಯೆಂದೂ, ಬ್ಯಾಟರಿಯ ತಯಾರಿಕೆಯನ್ನು ನಿಲ್ಲಿಸಿ ಆಮೇಲೆ ಕ್ಯಾಮೆರಾಕ್ಕೆ ಜೀವವಿಲ್ಲ ಎನ್ನುವುದು ಅನ್ನ ನಿಲ್ಲಿಸಿ ಆಮೇಲೆ ನಿಶ್ಶಕ್ತಿಯ ಆರೋಪ ಹೊರಿಸಿದಂತೆ ಎಂದೂ ವಿವರಿಸಿದೆ. ಆತ ಅದಕ್ಕೆ ಒಂದು ಲೈಕಿನ ಹೆಬ್ಬೆರಳು ಒತ್ತಿದ. ಚಳವಳಿಗಾರರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ನಮ್ಮೂರಿನಲ್ಲಿ ನ್ಯಾಯ ಸಿಗಬಹುದೆಂದು ನಜೀರ್ ಸಾಹೇಬರ ಸ್ಟುಡಿಯೊಕ್ಕೆ ಹೋದೆ. ತಂದೆಯ ಕಾಲದಿಂದ ಫೋಟೊ ತೆಗೆಯುತ್ತ, ಕ್ಯಾಮೆರಾ ರಿಪೇರಿಯನ್ನೂ ಮಾಡುತ್ತ ಬಂದ ಮನುಷ್ಯ. ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ, ಕಿವಿಯ ಹತ್ತಿರ ಹಿಡಿದು ಕ್ಲಿಕ್ಕಿಸಿ ಕೇಳಿಸಿಕೊಂಡು ತೀರ್ಪು ಕೊಟ್ಟರು: "ಮೇಡಮ್, ಕ್ಯಾಮೆರಾಗೆ ಏನೂ ಆಗಿಲ್ಲ. ಜಮಾನಾಗೇ ಆಗ್ಬಿಟ್ಟಿದೆ."

"ಹಾಗಾದರೆ ಜಮಾನಾವನ್ನು ರಿಪೇರಿ ಮಾಡೋಣ" ಎಂದೆ.

"ಅದಕ್ಕೆ ಸ್ಪೇರು ಸಿಗಲ್ಲ" ಎಂದರು ನಜೀರ್ ಸಾಹೇಬರು.

ಇಷ್ಟು ಹಟ ಯಾಕೆಂದು ಓದುಗರು ಕೇಳಬಹುದು. ಹಟಕ್ಕೆ ತಾತ್ವಿಕ ಕಾರಣವಿದೆ. ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಮಹಿಳಾ ಸಂಘದ ಹನ್ನೊಂದು ಮಂದಿ ಒಮ್ಮೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ದೇವಸ್ಥಾನದ ಮುಂದೆ ಯಾರದೋ ಮೊಬೈಲಿನಲ್ಲಿ ಎಲ್ಲರ ಫೋಟೊ ತೆಗೆದರು. ನೋಡಿದರೆ, ಹೊಲದಲ್ಲಿ ಬಿಸಿಲುಂಡ ಹನ್ನೊಂದು ಮೈಬಣ್ಣಗಳನ್ನು ಆ ಯಂತ್ರ ಯಾರನ್ನೂ ಕೇಳದೆ ಅಳಿಸಿ, ಎಲ್ಲರಿಗೂ ಒಂದೇ ಡಬ್ಬಿಯ ಸುಣ್ಣ ಹೊಡೆದಿತ್ತು! ನನ್ನ ಹಣೆಯ ಮೂರು ಗೆರೆಗಳೂ ಮಾಯ. ಆ ಗೆರೆಗಳನ್ನು ನಾನು ಮೂರು ಬೇರೆ ಬೇರೆ ಹೋರಾಟಗಳಲ್ಲಿ ಗಳಿಸಿದ್ದೆ. ಕಪ್ಪು ಬಣ್ಣ ತಿದ್ದಬೇಕಾದ ತಪ್ಪೆಂದು ಈ ಯಂತ್ರಕ್ಕೆ ಕಲಿಸಿದವರು ಯಾರು ಎಂದು ಅಲ್ಲೇ ಮಂಜಿನಲ್ಲಿ ನಿಂತು ಕೇಳಿದೆ. ನನ್ನ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಒಬ್ಬೊಬ್ಬರೂ ಅವರವರ ಬಣ್ಣದಲ್ಲೇ ಇದ್ದರು. ಅದನ್ನು ಸಂಘದ ಗೋಡೆಗೆ ಹಾಕೋಣವೆಂದರೆ ಹತ್ತು ಮತಗಳು ಮೊಬೈಲಿನ ಚಿತ್ರಕ್ಕೆ ಬಿದ್ದವು. "ಈ ಮೊಕಾನ ದಿನಾ ಕನ್ನಡೀಲಿ ನೋಡ್ತೀನಲ್ಲ ಮೇಡಮ್ಮ, ಗ್ವಾಡೆ ಮ್ಯಾಲೂ ಇದ್ನೇ ನೋಡ್ಬೇಕಾ?" ಎಂದು ನಕ್ಕವರು ಭೀಮನಬೀಡಿನ ಮಹದೇವಮ್ಮ. ಪ್ರಜಾಪ್ರಭುತ್ವದಲ್ಲಿ ನನಗೆ ಅಚಲ ಗೌರವವಿದೆಯಾದರೂ ಆ ದಿನ ಅದು ಸ್ವಲ್ಪ ಅಲುಗಾಡಿತು.

ಈ ಮಹದೇವಮ್ಮನವರಿಗೆ ಊರ ಹೊರಗೆ, ಕಾಡಿನ ಅಂಚಿಗೆ ಹತ್ತಿರ, ಒಂದು ಎಕರೆ ಚೆಂಡು ಹೂವಿನ ಹೊಲವಿದೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರ ಫೋನು ಬಂತು. "ಮೇಡಮ್ಮ, ಆನೆ ಬಂದು ತುಳ್ದಾಕ್ಬುಟ್ಟದೆ. ಪಕ್ಕದ ಬಾಳೆ ತ್ವಾಟಕ್ಕೆ ಓಗಕೆ ನನ್ ಹೊಲನೇ ದಾರಿ ಮಾಡ್ಕಂಡದೆ. ತಿನ್ನೋದಾದ್ರೂ ತಿಂದಿದ್ರೆ ಹೊಟ್ಟೆಗೋಯ್ತು ಅನ್ಕಬೋದಿತ್ತು." ಪರಿಹಾರಕ್ಕೆ ಅರ್ಜಿ ಹಾಕಬೇಕಿತ್ತು. ಪರಿಶೀಲನೆಗೆ ಬರುವವರು ಬೇರೆ ಊರುಗಳಲ್ಲಿ ಸಿಕ್ಕಿಕೊಂಡಿದ್ದರಿಂದ, ಹಾನಿಯ ಫೋಟೊ ತೆಗೆದಿಡಿ ಎಂದು ಅರಣ್ಯ ಇಲಾಖೆಯ ಕಚೇರಿಯಿಂದ ಹೇಳಿದ್ದರು. ಮುಂದಿನ ಮಳೆ ಬೀಳುವುದರೊಳಗೆ ತುಳಿದ ಸಾಲುಗಳನ್ನು ಕಿತ್ತು, ಉತ್ತು, ಹುರುಳಿ ಚೆಲ್ಲದಿದ್ದರೆ ಆ ಜಾಗ ವರ್ಷವಿಡೀ ಬರಿದು. ಮಹದೇವಮ್ಮನವರ ಆ ಹಂಗಾಮಿನ ದುಡಿಮೆಯೆಲ್ಲ ಆ ಫೋಟೊಗಳ ಮೇಲೆ ನಿಂತಿತ್ತು. ನಾನು ಶಾಲೆಗೆ ರಜೆ ಹಾಕಿ, ಕ್ಯಾಮೆರಾವನ್ನು ಬ್ಯಾಗಿಗೆ ಸೇರಿಸಿ ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಮಹದೇವಮ್ಮ ಸೊಂಟದ ಚೀಲದಿಂದ ಮೊಬೈಲ್ ತೆಗೆದು ಕಾಯುತ್ತಿದ್ದರು. ಊರಿನ ಉದ್ಯೋಗ ಖಾತ್ರಿಯ ಕೂಲಿ ಕೆಲಸದಲ್ಲಿ ಹಾಜರಾತಿ ಹಿಡಿಯುವ ಹೊಣೆ ಅವರದು. ದಿನಕ್ಕೆ ಎರಡು ಸಲ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ, ಸ್ಥಳವೂ ಸಮಯವೂ ತಾನಾಗಿ ಮೂಡುವ ಆ್ಯಪಿನಲ್ಲಿ ಫೋಟೊ ತೆಗೆದು ಕಳಿಸಿ ಅವರಿಗೆ ಅಭ್ಯಾಸ. "ಇದ್ರಲ್ಲೇ ತೆಗುದ್ಬುಡ್ಲಾ ಮೇಡಮ್ಮ?" ಎಂದರು.

"ಕೂಡದು" ಎಂದೆ. ಮೈಬಣ್ಣವನ್ನೇ ಬದಲಿಸುವ ಯಂತ್ರ ನಾಳೆ ಆನೆಯ ಹೆಜ್ಜೆಯನ್ನೂ ನುಣುಪು ಮಾಡದೇ? ಸಾಕ್ಷ್ಯವೆಂದರೆ ಸಾಕ್ಷ್ಯ. ಅದು ಪ್ರಾಮಾಣಿಕ ಯಂತ್ರದಿಂದಲೇ ಬರಬೇಕು. ಹತ್ತು ನಿಮಿಷ ನಾನು ಇದನ್ನು ವಿವರಿಸಿದೆ. ಅಷ್ಟರಲ್ಲಿ ಮಹದೇವಮ್ಮ ಒಂದು ಸಾಲಿನ ಕಳೆ ಕಿತ್ತು ಮುಗಿಸಿದ್ದರು. ನನ್ನ ಕ್ಯಾಮೆರಾವನ್ನು ನೋಡಿ, "ಪೌಡ್ರು ಡಬ್ಬಿ ಇದ್ದಂಗದೆ" ಎಂದಷ್ಟೇ ಹೇಳಿ ಪಕ್ಕಕ್ಕೆ ನಿಂತರು. ಕ್ಯಾಮೆರಾ ಎಚ್ಚರಗೊಂಡು ಎಂದಿನಂತೆ ದಿನಾಂಕ ಕೇಳಿತು. ಅನ್ಯಾಯದ ಮುಂದೆ ನಿಂತಾಗ ಇಂಥ ಗುಮಾಸ್ತಿಕೆಯ ಪ್ರಶ್ನೆಗಳಿಗೆ ನನಗೆ ತಾಳ್ಮೆಯಿಲ್ಲ. ಸರಿ ಎಂಬ ಗುಂಡಿ ಒತ್ತಿ ಮುಂದೆ ಹೋದೆ. ಆದರೆ ಸಾಕ್ಷ್ಯಕ್ಕೆ ತೂಕವಿರಲೆಂದು, ಚಿತ್ರದ ಮೂಲೆಯಲ್ಲಿ ದಿನಾಂಕ ಅಚ್ಚಾಗುವ ಏರ್ಪಾಡನ್ನು ಮಾತ್ರ ಹುಡುಕಿ ಚಾಲೂ ಮಾಡಿದೆ. ಹೆಜ್ಜೆಗಳನ್ನು ಯಾರೂ ಮೆಟ್ಟಬಾರದೆಂದು ನೋಡಲು ಬಂದವರನ್ನೆಲ್ಲ ಬದುವಿನಾಚೆ ಕಳಿಸಿದೆ. ಮೇಲಿನಿಂದ, ಪಕ್ಕದಿಂದ, ಮಂಡಿಯೂರಿ, ಬಗ್ಗಿ, ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದೆ. ಕಡೆಗೆ, "ಇನ್ನು ನೀವು ಧಾರಾಳವಾಗಿ ಉಳಬಹುದು. ಸಾಕ್ಷ್ಯ ಭದ್ರವಾಗಿದೆ" ಎಂದು ಘೋಷಿಸಿದೆ. ಮಹದೇವಮ್ಮ ಮರುದಿನವೇ ಉತ್ತರು.

ಕ್ಯಾಮೆರಾದೊಳಗಿನ ಕಾರ್ಡನ್ನೇ ಬಿಚ್ಚಿಕೊಟ್ಟು ಚಿತ್ರಗಳನ್ನು ಅಚ್ಚು ಹಾಕಿಸಿದ್ದು ನಜೀರ್ ಸಾಹೇಬರ ಬಳಿ. ಲಕೋಟೆ ಕೊಡುವಾಗ ಅವರು, "ಮೇಡಮ್, ಮೂಲೇಲಿ ಡೇಟು…" ಎಂದು ಶುರುಮಾಡಿದರು. "ಡೇಟು ಬೇಕೆಂದೇ ಹಾಕಿಸಿದ್ದು. ದಯವಿಟ್ಟು ಅದನ್ನು ಅಳಿಸುವ ಸಲಹೆ ಕೊಡಬೇಡಿ" ಎಂದೆ. "ಅಲ್ಲ ಮೇಡಮ್, ಆ ಡೇಟು…" "ಸಾಹೇಬರೇ, ಸಾಕ್ಷ್ಯವನ್ನು ತಿದ್ದುವುದು ಅಪರಾಧ." ಅವರು ಎರಡೂ ಕೈ ಮೇಲೆತ್ತಿದರು. ನಾನು ಹಸಿರಿನ ಹಸಿರುತನವನ್ನೂ ಕೇಸರಿಯ ಕೇಸರಿತನವನ್ನೂ ಮೆಚ್ಚಿ, ಈ ಬಣ್ಣಗಳ ಮುಂದೆ ಇಂದಿನ ಯಾವ ಫೋನು ನಿಂತೀತು ಎಂದು ಕೇಳಿ ಹೊರಬಂದೆ.

ಕಚೇರಿಯಲ್ಲಿ ನಮ್ಮ ಅರ್ಜಿ ನೋಡಿದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಹಳ ಸಭ್ಯಳು. ಹಾಗಾಗಿ ಸಿಟ್ಟಾಗುವುದಕ್ಕೂ ಅವಕಾಶವಿರಲಿಲ್ಲ. ಮೊದಲ ಚಿತ್ರ ನೋಡಿದಳು, ಎರಡನೆಯದು ನೋಡಿದಳು, ಮತ್ತೆ ಮೊದಲನೆಯದನ್ನು ನೋಡಿದಳು.

"ಮೇಡಂ, ಆನೆ ಬಂದದ್ದು ಈ ವರ್ಷ ಅಲ್ವಾ?"

"ಈ ತಿಂಗಳೇ" ಎಂದೆ.

"ಇದರಲ್ಲಿ ಜನವರಿ ಒಂದು ಅಂತಿದೆ. ವರ್ಷ ನೋಡಿದ್ರೆ ನಾನು ಪ್ರೈಮರಿ ಸ್ಕೂಲಲ್ಲಿ ಇದ್ದದ್ದು. ಟೈಮು ರಾತ್ರಿ ಹನ್ನೆರಡು ಗಂಟೆ ಏಳು ನಿಮಿಷ." ಚಿತ್ರವನ್ನು ನನ್ನ ಕಡೆ ತಿರುಗಿಸಿದಳು. "ಅಷ್ಟು ಹೊತ್ತಲ್ಲಿ ಇಷ್ಟು ಬಿಸಿಲಿತ್ತಾ?"

ನನ್ನ ಪ್ರಾಮಾಣಿಕ ಯಂತ್ರ, ತಾನು ಕಾರ್ಖಾನೆಯಲ್ಲಿ ಕಣ್ಣುಬಿಟ್ಟ ಕ್ಷಣವನ್ನೇ ಎಂಬತ್ತಕ್ಕೂ ಹೆಚ್ಚು ಸಲ ಪ್ರಮಾಣೀಕರಿಸಿತ್ತು. ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿಯ ಬಗ್ಗೆ, ಅದರ ತಯಾರಿಕೆ ನಿಂತದ್ದರ ಹಿಂದಿನ ಮಾರುಕಟ್ಟೆಯ ಸಂಚಿನ ಬಗ್ಗೆ ನಾನು ಹೇಳತೊಡಗಿದೆ. ಆಕೆ ಕೇಳಿಸಿಕೊಂಡಳು, ತಲೆಯಾಡಿಸಿದಳು. "ನೀವು ಹೇಳೋದು ನಿಜ ಮೇಡಂ. ಆದರೆ ಇದನ್ನು ಫೈಲಿಗೆ ಹಾಕಿದ್ರೆ ನನ್ನನ್ನ ಕೇಳ್ತಾರೆ. ಬೇಕಾದ್ರೆ ಹೊಲಕ್ಕೇ ಬಂದು ನೋಡ್ತೀನಿ."

"ಹೊಲ ಉತ್ತಾಗದೆ ಸಾ. ಹುರ್ಳಿ ಮೊಳ್ತದೆ" ಎಂದರು, ಕುರ್ಚಿಯಲ್ಲಿರುವವರು ಹೆಣ್ಣಾದರೂ 'ಸಾ' ಎಂದೇ ಕರೆಯುವ ಮಹದೇವಮ್ಮ. ಉಳಬಹುದು ಎಂದದ್ದು ಯಾರೆಂದು ಅವರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಎದುರಿಸಬಹುದಿತ್ತು. ಆ ಬಡಪಾಯಿಯ ಬೆಳೆಯನ್ನು ಆನೆ ಅರ್ಧ ಹಾಳುಮಾಡಿತ್ತು, ಉಳಿದರ್ಧ ನನ್ನ ಸಿದ್ಧಾಂತ.

ಮಹದೇವಮ್ಮ ನಿಧಾನವಾಗಿ ಸೊಂಟದ ಚೀಲಕ್ಕೆ ಕೈಹಾಕಿದರು. "ನಂದೊಂದು ಅದೆ ಸಾ, ಆಯ್ತದಾ ನೋಡಿ. ತೆರಕಣಾಂಬೀಲಿ ನಮ್ಮಕ್ಕ ಅವ್ಳೆ. ಅವ್ಳಿಗೆ ತೋರ್ಸನ ಅಂತ ಅವತ್ತು ಸ್ಟೇಟಸ್‌ಗೆ ಒಂದು ಹೊಡ್ಕಂಡಿದ್ದೆ. ಮೇಡಮ್ಮ ಬೇಡ ಅಂದಿದ್ರು, ಅದ್ಕೇ ಅವ್ರು ಆ ಕಡೆ ತಿರುಗ್ದಾಗ ತೆಗ್ದೆ."

ಹಾಜರಾತಿಯ ಅಭ್ಯಾಸದಲ್ಲಿ ಅದೇ ಆ್ಯಪಿನಿಂದ ತೆಗೆದ ಚಿತ್ರ. ಕೆಳಗೆ ಭೀಮನಬೀಡಿನ ಹೆಸರು, ನಕ್ಷೆ, ದಿನ, ಗಂಟೆ, ನಿಮಿಷ ಎಲ್ಲವೂ ಸ್ವಚ್ಛ. ತುಳಿದ ಸಾಲುಗಳು ಬದುವಿನಿಂದ ಬದುವಿಗೆ ಕಾಣುತ್ತಿದ್ದವು. ನಾನು "ತಂತ್ರಜ್ಞಾನ ಜನಸಾಮಾನ್ಯರ ಕೈಗೆ ಬಂದಾಗ…" ಎಂದು ಒಂದು ವಾಕ್ಯವನ್ನು ಆರಂಭಿಸಿಯೂ ಬಿಟ್ಟೆ. ಅಷ್ಟರಲ್ಲಿ ಅಧಿಕಾರಿ ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದಳು.

"ಈ ಸಾಲುಗಳು ಆನೆದು, ಸರಿ. ಈ ಪಕ್ಕದ್ದು ಎರಡು ಸಾಲು?"

ಮಹದೇವಮ್ಮ ಬಗ್ಗಿ ನೋಡಿದರು. ಸುಳ್ಳು ಹೇಳುವ ಹೆಂಗಸಲ್ಲ. "ಅದು ನಮ್ ಮೇಡಮ್ಮ ಸಾ" ಎಂದರು.

ಅಲ್ಲಿ ನಾನಿದ್ದೆ. ಆನೆಯ ಹೆಜ್ಜೆಗೆ ಕಿಂಚಿತ್ತೂ ಭಂಗ ಬಾರದಂತೆ ಪಕ್ಕದ ನಳನಳಿಸುವ ಸಾಲುಗಳ ನಡುವೆ ಮಂಡಿಯೂರಿ, ಬೆನ್ನನ್ನು ಲೋಕಕ್ಕೆ ತೋರಿಸಿ, ಒಂದು ಕಣ್ಣು ಮುಚ್ಚಿ ನ್ಯಾಯಕ್ಕಾಗಿ ಹೋರಾಡುತ್ತಿದ್ದೆ. ನಾನು ಬಂದ ದಾರಿಯೂ, ಕೋನ ಬದಲಿಸಲು ಹಿಂದೆ ಸರಿದ ದಾರಿಯೂ, ಹೂವಿನ ಮೇಲೆ ಅಚ್ಚುಕಟ್ಟಾಗಿ ಮೂಡಿತ್ತು. ವನ್ಯಪ್ರಾಣಿಯಿಂದಾದ ಹಾನಿಗೆ ಮಾತ್ರ ಪರಿಹಾರವೆಂದು ನಿಯಮವಿದೆಯೆಂದು ಆಕೆ ಮೆಲುದನಿಯಲ್ಲಿ ತಿಳಿಸಿ, ಆ ಎರಡು ಸಾಲುಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಶಿಫಾರಸು ಬರೆದಳು. ಮಹದೇವಮ್ಮನವರಿಗೆ ಪರಿಹಾರ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಅವರೇ ನನಗೆ ಟೀ ಕುಡಿಸಿ, "ಓಗ್ಲಿ ಬುಡಿ ಮೇಡಮ್ಮ, ಆನೆಗಿಂತ ವಾಸಿ, ನೀವು ಎರ್ಡೇ ಸಾಲು" ಎಂದು ಸಮಾಧಾನ ಹೇಳಿದರು.

ಆ ಎರಡು ಸಾಲುಗಳ ಬಗ್ಗೆ ಮೇಲ್ಮನವಿ ಸಲ್ಲಿಸಲು ನಾನು ಕಾಗದವನ್ನೇನೋ ತೆಗೆದಿಟ್ಟುಕೊಂಡೆ. ಬೆಳಕಿನ ಕೋನ, ಯಂತ್ರದ ತಿದ್ದುವ ಚಾಳಿ, ದೃಷ್ಟಿಭ್ರಮೆ, ಎಲ್ಲ ವಾದಗಳನ್ನೂ ಮನಸ್ಸಿನಲ್ಲೇ ಹೂಡಿ ನೋಡಿದೆ. ಪ್ರಯೋಜನವಾಗಲಿಲ್ಲ. ಫೋನಿನ ಆ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಒಂದು ರವೆಯಷ್ಟು ಕಾಳೂ ಕಾಣುವುದಿಲ್ಲ. ನನ್ನ ಎಡಗಾಲಿನ ಚಪ್ಪಲಿಗೆ ಸಿಕ್ಕಿ ಮುರಿದ ಗಿಡಗಳನ್ನು ಒಂದೊಂದಾಗಿ ಎಣಿಸಬಹುದು. ಏಳು ಇವೆ.