ಮೈಸೂರಿನಲ್ಲಿ ಕಾಲು ಚಾಚಿದ್ದು

ಯಾತ್ರೆಯ ಬಸ್ಸು ಓಡಿಸುವವನಿಗೆ ನಗೋದಕ್ಕೆ ಬೇರೆ ನಾಟಕ ಬೇಕಿಲ್ಲ. ಹಿಂದಿನ ಸೀಟುಗಳ ಕಡೆ ತಿರುಗಿ ನೋಡಿದರೆ ಸಾಕು. ನಾನು ತರೀಕೆರೆಯವನು. ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರು, ಅಜ್ಜಂಪುರದ ಕಡೆಯವರನ್ನು ಕಾಶಿ, ರಾಮೇಶ್ವರ ಅಂತ ತಿಂಗಳುಗಟ್ಟಲೆ ಸುತ್ತಿಸಿ, ಕೊನೆಗೆ ಮೈಸೂರಿನಲ್ಲಿ ಎರಡು ದಿನ ದಣಿವಾರಿಸಿಕೊಳ್ಳೋಕೆ ಬಿಡುತ್ತಿದ್ದೆ. ಅದರಲ್ಲಿ ಒಂದು ಸಲದ ಮೈಸೂರು ಮಾತ್ರ ಮರೆಯೋಕಾಗಲ್ಲ.

೧. ನಿದ್ದೆ

ಛತ್ರಕ್ಕೆ ಬಂದಿಳಿದ ಮಧ್ಯಾಹ್ನ ಎಲ್ಲರೂ ಊಟ ಮುಗಿಸಿ ಚಾಪೆ ಹಾಸಿದರು. ನಾನು ಬಸ್ಸಿನಲ್ಲೇ ಉರುಳಿಕೊಂಡಿದ್ದೆ. ಹಿರೇನಲ್ಲೂರಿನ ಗೌಡರೊಬ್ಬರು ದಿಂಬು ಹಿಡಿದು ಬಸ್ಸು ಹತ್ತಿದರು.

"ಸಾಬ್ರೇ, ನೆಲದ ಮೇಲೆ ನಿದ್ದೇನೇ ಬರ್ತಿಲ್ಲ ಕಣ್ರೀ. ಕೂತೇ ಮಲಗಿ ಅಭ್ಯಾಸ ಆಗ್ಬಿಟ್ಟದೆ."

ತಮ್ಮ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕಣ್ಣು ಬಿಟ್ಟು, "ಏನೋ ಕಮ್ಮಿ ಆಗ್ತದಲ್ಲಾ... ಒಂಚೂರು ಇಂಜಿನ್ ಶುರು ಮಾಡಿ" ಅಂದರು.

ಪಾಪ ಅಂತ ಶುರು ಮಾಡಿದೆ. ಗೌಡರ ಗೊರಕೆಯೂ ಜೊತೆಗೇ ಶುರುವಾಯಿತು. ಆದರೆ ಛತ್ರದ ಒಳಗಿದ್ದವರು, "ಬಸ್ಸು ನಮ್ಮನ್ನ ಬಿಟ್ಟು ಹೊಂಟೋಯ್ತು ಕಣ್ರೋ!" ಅಂತ ಗಂಟು, ಚೊಂಬು, ಕಾಶಿಯ ಗಂಗಾಜಲದ ಗಿಂಡಿಗಳ ಸಮೇತ ಓಡಿಬಂದರು. ಒಬ್ಬರಂತೂ ಮುಖಕ್ಕೆ ಹಚ್ಚಿದ ಸೋಪಿನ ಸಮೇತ.

೨. ಮಧ್ಯಸ್ಥ

ಆ ಬಸ್ಸಿನಲ್ಲಿ ಶಿವನಿಯ ಇಬ್ಬರು ವಾರಗಿತ್ತಿಯರಿದ್ದರು. ಮನೆ ಪಾಲಾದಾಗಿನಿಂದ ಒಬ್ಬರಿಗೊಬ್ಬರು ಮಾತಿಲ್ಲ. ಯಾತ್ರೆಯಲ್ಲಾದರೂ ಸರಿಹೋಗಲಿ ಅಂತ ಗಂಡಂದಿರು ಇಬ್ಬರನ್ನೇ ಕಳಿಸಿದ್ದರು. ಗಂಗೆಯಲ್ಲಿ ಒಟ್ಟಿಗೆ ಮುಳುಗೆದ್ದರೂ ಮಾತು ಮಾತ್ರ ಮೇಲೇಳಲಿಲ್ಲ. ಏನಿದ್ದರೂ ನನ್ನ ಮೂಲಕವೇ.

ಮೃಗಾಲಯದಲ್ಲಿ ಒಂದೇ ಬೆಂಚು, ನಡುವೆ ನಾನು.

"ಬಿಸಿಲಿಗೆ ಸೆರಗು ಹೊದ್ಕೋ ಅಂತ ಅವಳಿಗೆ ಹೇಳಿ ಸಾಬ್ರೇ," ಅಂದರು ಹಿರಿಯಾಕೆ.

"ಅವರ ಕಾಲು ಊದ್ಕೊಂಡದೆ, ಚಪ್ಪಲಿ ಬಿಚ್ಚೋಕೆ ಹೇಳಿ ಸಾಬ್ರೇ," ಅಂದರು ಕಿರಿಯಾಕೆ.

ಇಷ್ಟು ಅಕ್ಕರೆ ಇದ್ದವರು ತಾವೇ ಮಾತಾಡಿಕೊಳ್ಳಲಿ ಅಂತ ಎದ್ದು ಜಿರಾಫೆ ನೋಡೋಕೆ ಹೋದೆ. ವಾಪಸ್ಸು ಬಂದರೆ ಇಬ್ಬರ ಮುಖವೂ ಕೆಂಪಗಾಗಿತ್ತು.

"ಇಷ್ಟೊತ್ತು ಎಲ್ಲಿ ಹೋಗಿದ್ರಿ?" ಅಂತ ಹಿರಿಯಾಕೆ ರೇಗಿದರು. "ಜಗಳ ಬಂದಿತ್ತು, ಆಡೋಕೆ ನೀವೇ ಇರ್ಲಿಲ್ಲ!"

೩. ಕತ್ತಲು

ಮಾರನೆಯ ಸಂಜೆ ದೀಪದ ಕಾರಂಜಿ ನೋಡೋಕೆ ಹೋದೆವು. ತಂಪು ಗಾಳಿ, ಬಣ್ಣದ ನೀರು, ಎಲ್ಲರಿಗೂ ಮನಸ್ಸು ಹಗುರ. ವಾರಗಿತ್ತಿಯರ ನಡುವೆ ನಾನು ನಿಂತಿದ್ದೆ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಜನ ಕೂಗಾಡಿದರು.

"ಲೇ, ಎಲ್ಲಿದ್ದೀಯೇ? ಕೈ ಕೊಡೇ!" ಅಂತ ಹಿರಿಯಾಕೆ ತಡಕಾಡಿ ನನ್ನ ಕೈ ಹಿಡಿದರು. ನಾನು ಬಾಯಿ ತೆರೆಯುವುದರೊಳಗೆ ಅಂಗೈ ಸವರಿ ನೋಡಿದರು. "ಅಯ್ಯೋ, ಕೈ ಎಷ್ಟು ಒರಟಾಗೋಗದೆಯೇ! ಒಬ್ಬಳೇ ಎಷ್ಟು ದುಡೀತೀಯೇ? ಊರಿಗೆ ಹೋದ್ಮೇಲೆ ಒಂದೇ ಒಲೆ ಹಚ್ಚೋಣ, ಬಂದ್ಬಿಡೇ."

ಆಗ ನಾನೊಂದು ಸಲ ಕೆಮ್ಮಿದ್ದರೂ ಕೂಡುವ ಮನೆ ಮುರಿಯುತ್ತಿತ್ತು. ಉಸಿರು ಬಿಗಿಹಿಡಿದು ನಿಂತೆ. ಆ ಕಡೆಯಿಂದ ಕಿರಿಯಾಕೆಯ ಅಳು ದನಿ ಕೇಳಿಸಿತು: "ಬತ್ತೀನಿ ಕಣಕ್ಕಾ."

ದೀಪ ಬಂತು. ಹಿರಿಯಾಕೆ ಕೈ ನೋಡಿದರು, ಆಮೇಲೆ ನನ್ನ ಗಡ್ಡ ನೋಡಿದರು. ಥಟ್ಟನೆ ಕೈ ಬಿಟ್ಟು ವಾರಗಿತ್ತಿಯ ಕಡೆ ತಿರುಗಿ, "ನೋಡೇ, ಈ ಸಾಬ್ರು ಒಂದು ಮಾತು ಹೇಳ್ಬಾರ್ದಿತ್ತಾ?" ಅಂದರು.

ಕಿರಿಯಾಕೆ ಕಣ್ಣೊರೆಸಿಕೊಂಡು ನಕ್ಕರು. "ಬಿಡಕ್ಕಾ. ನೀನು ಅಷ್ಟು ಪ್ರೀತಿಯಿಂದ ಕರೆದಿದ್ದಕ್ಕೆ ಎಲ್ಲಿ ಅವರೇ ಬಂದ್ಬಿಡ್ತಾರೋ ಅಂತ ನಾನು ಬೇಗ ಒಪ್ಕೊಂಡೆ!"