ವೆಂಡೆಲ್‌ನ ಟೋಪಿಯ ಗರಿ

ತಾನು ಹೇಳಿದ ಸುಳ್ಳೇ ತನ್ನ ಕುತ್ತಿಗೆಗೆ ಬರುತ್ತದೆಂದು ವೆಂಡೆಲ್ ಹಫ್ ಕನಸಲ್ಲೂ ಎಣಿಸಿರಲಿಲ್ಲ. ಬೇಟೆ ನಿಷೇಧವಿದ್ದ ಆಗಸ್ಟ್‌ನಲ್ಲಿ, ಹಿತ್ತಲಿನ ಕುಂಬಳವನ್ನೆಲ್ಲ ಕುಕ್ಕಿ ಹಾಳುಮಾಡುತ್ತಿದ್ದ ಕಾಡು ಟರ್ಕಿ ಕೋಳಿಯೊಂದನ್ನು ಅವನು ಅಡುಗೆಮನೆ ಕಿಟಕಿಯಿಂದಲೇ ಹೊಡೆದು ಕೆಡವಿದ್ದ. ಮಾಂಸವನ್ನು ಸಾಕಿದ ಕೋಳಿಯದೆಂದು ಹೇಳಿ ಚರ್ಚಿನ ಊಟಕ್ಕೆ ಸಾಗಹಾಕಿದ. ಚೆಂದದ ಗರಿಯೊಂದನ್ನು ಬಿಸಾಡಲು ಮನಸ್ಸು ಬರದೆ ಟೋಪಿಗೆ ಸಿಕ್ಕಿಸಿಕೊಂಡು, ಹದ್ದು ತನ್ನ ಬೇಲಿಯ ಮೇಲೆ ಉದುರಿಸಿ ಹೋದದ್ದೆಂದು ಊರೆಲ್ಲ ಜಂಭ ಕೊಚ್ಚಿದ. ನಿಜ ಹೇಳುವಂತಿರಲಿಲ್ಲ, ಏಕೆಂದರೆ ಒಂದು ಸಣ್ಣ ಕೇಸು ಬಿದ್ದರೂ ಶಾಲಾ ಬಸ್ಸು ಓಡಿಸುವ ಕೆಲಸ ಹೋಗುತ್ತಿತ್ತು. ಆ ಹಳದಿ ಬಸ್ಸು ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿರಲಿಲ್ಲ.

ಅಂದು ಬೆಳಿಗ್ಗೆ ಹೋಟೆಲಿನಲ್ಲಿ ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ ಕಾಫಿ ಕುಡಿಯುತ್ತಿದ್ದಾಗ ಕಪ್ಪು ಕೋಟಿನ ಒಬ್ಬ ಹೆಂಗಸು, ಒಬ್ಬ ಗಂಡಸು ಒಳಗೆ ಬಂದರು. ಕ್ಷೌರಿಕ ಮರ್ವಿನ್ ಮೊಣಕೈಯಿಂದ ತಿವಿದ.

"ಕೇಂದ್ರದ ಸರ್ಕಾರಿ ವಕೀಲರು ಕಣಯ್ಯಾ. ಯಾವ್ದೋ ದೊಡ್ಡ ಕೇಸಿಗೆ ಬಂದು ನಮ್ಮ ಜಿಲ್ಲಾ ಕೋರ್ಟಲ್ಲೇ ಬಿಡಾರ ಹೂಡಿದ್ದಾರೆ. ಹದ್ದಿನ ಗರಿ ಇಟ್ಕೊಂಡ್ರೆ ಕೇಂದ್ರದ ಕಾನೂನಲ್ಲಿ ಜೈಲು, ಗೊತ್ತಾ? ನೋಡು, ಆಯಮ್ಮ ನಿನ್ನ ಟೋಪೀನೇ ನೋಡ್ತಿದ್ದಾಳೆ."

ವೆಂಡೆಲ್ ಕಾಫಿ ಅಲ್ಲೇ ಬಿಟ್ಟು ಎದ್ದ. ಅಡುಗೆಮನೆಯ ಹಿಂಬಾಗಿಲಿನಿಂದ ಓಡಿದ. ರಸ್ತೆಗೆ ಬಂದು ತಲೆ ಮುಟ್ಟಿಕೊಂಡರೆ ಟೋಪಿ ಹೋಟೆಲಿನ ಗೂಟದಲ್ಲೇ ಉಳಿದಿತ್ತು. ಅದರೊಳಗೆ ಹೆಂಡತಿ ಡೋರೀನ್ ಅವನ ಹೆಸರು ಬೇರೆ ಹೊಲಿದಿದ್ದಳು.

ಮಧ್ಯಾಹ್ನ ಕೋರ್ಟಿನಿಂದ ಫೋನು ಬಂತು. ಟೋಪಿ ಕೇಂದ್ರದ ವಕೀಲೆ ಹ್ಯಾಲೊರನ್ ಹತ್ತಿರ ಇದೆಯಂತೆ, ಒಮ್ಮೆ ಬಂದು ಹೋಗಬೇಕಂತೆ. ಸುದ್ದಿ ಹಬ್ಬಲು ತಡವಾಗಲಿಲ್ಲ. ಕೇಂದ್ರದವರು ಹಿಡಿದರೆ ಬಿಡುವುದೇ ಇಲ್ಲವೆಂದು ಒಬ್ಬರು, ಜೈಲು ದೂರದ ರಾಜ್ಯದಲ್ಲಿರುತ್ತದೆಂದು ಇನ್ನೊಬ್ಬರು ಧೈರ್ಯ ಹೇಳಿದರು. ಪಕ್ಕದ ಮನೆಯ ವರ್ನಾ ಸಾವಿನ ಮನೆಗೆ ಒಯ್ಯುವ ಹಾಗೆ ಬಿಸಿ ನೂಡಲ್ಸಿನ ತಟ್ಟೆ ತಂದಿಟ್ಟು, ಡೋರೀನಳನ್ನು ತಬ್ಬಿಕೊಂಡು ಅತ್ತಳು. ವಕೀಲರು ಕೇಳುವ ಮೊದಲೇ ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆಂದು ಮರ್ವಿನ್ ಬುದ್ಧಿ ಹೇಳಿದ.

ವೆಂಡೆಲ್ ಕೋರ್ಟಿನ ಮೆಟ್ಟಿಲು ಹತ್ತಿದ. ಕೋಣೆಯಲ್ಲಿ ಮೇಜಿನ ಮೇಲೆ ಟೋಪಿ, ಅದರ ಹಿಂದೆ ಹ್ಯಾಲೊರನ್. ಮೂಲೆಯಲ್ಲಿ ಯಾರೋ ಪತ್ರಿಕೆ ಮುಖಕ್ಕೆ ಹಿಡಿದು ಕೂತಿದ್ದರು. ಆಕೆ ಬಾಯಿ ತೆರೆಯುವ ಮೊದಲೇ ವೆಂಡೆಲ್ ಬಡಬಡಿಸಿದ.

"ಮೇಡಂ, ಅದು ಹದ್ದಿನ ಗರಿ ಅಲ್ಲ, ದೇವರಾಣೆ. ಟರ್ಕಿದು. ಆಗಸ್ಟಲ್ಲಿ ನಾನೇ ಹೊಡೆದೆ. ಚರ್ಚಿನ ಊಟಕ್ಕೆ ಕೋಳಿ ಅಂತ ಕೊಟ್ಟಿದ್ದೂ ಅದೇ."

ಹ್ಯಾಲೊರನ್ ಕಣ್ಣು ಪಿಳಿಪಿಳಿ ಬಿಟ್ಟಳು. "ಟೋಪಿ ಮರೆತು ಹೋಗಿದ್ರಲ್ಲ, ಕೊಡೋಣ ಅಂತ ಕರೆದೆ. ಗರಿ ನಾನು ಗಮನಿಸೇ ಇರ್ಲಿಲ್ಲ. ಬ್ಯಾಂಕ್ ದರೋಡೆ, ಅಂಚೆ ಮೋಸ, ಅಂಥದ್ದು ನಮ್ಮ ಕೆಲಸ. ಟರ್ಕಿ ಕೇಸು ನಮ್ಮ ವ್ಯಾಪ್ತಿಗೆ ಬರೋದಿಲ್ಲ, ಹಫ್ ಅವರೇ."

ವೆಂಡೆಲ್‌ಗೆ ಹೋದ ಜೀವ ಬಂದಂತಾಯಿತು.

"ಅದು ಇವ್ರ ವ್ಯಾಪ್ತಿಗೆ ಬರುತ್ತೆ," ಎಂದು ಆಕೆ ಮೂಲೆಗೆ ಕೈ ತೋರಿಸಿದಳು. "ರೂಮೂ ಇವರದೇ."

ಪತ್ರಿಕೆ ಕೆಳಗಿಳಿಯಿತು. ಹಿಂದಿದ್ದವರು ಜಿಲ್ಲೆಯ ಸರ್ಕಾರಿ ವಕೀಲ ಡಾರ್ಬಿ.

"ಆ ಊಟದಲ್ಲಿ ನಾನು ಎರಡು ಸಲ ಹಾಕಿಸ್ಕೊಂಡಿದ್ದೆ," ಎಂದರು ಡಾರ್ಬಿ ನಿಧಾನವಾಗಿ. "ತಿಂದವನೇ ಕೇಸು ನಡೆಸೋ ಹಾಗಿಲ್ಲ, ವೆಂಡೆಲ್. ನನ್ನ ಕೈಯಲ್ಲಿ ಆಗಲ್ಲ."

ವೆಂಡೆಲ್ ಟೋಪಿಯನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದ.

"ನಿಲ್ಲಯ್ಯಾ," ಎಂದರು ಡಾರ್ಬಿ. "ಈ ಕೇಸು ನಡೆಸೋಕೆ ಪಕ್ಕದ ಜಿಲ್ಲೆಯ ಸರ್ಕಾರಿ ವಕೀಲೆ ಆಗ್ನೆಸ್ ಥ್ರಾಶರ್ ಅವರನ್ನ ಕರೆಸಬೇಕಾಗುತ್ತೆ. ಆಯಮ್ಮ ಮಾಂಸ ಮುಟ್ಟೋದಿಲ್ಲ, ಹಕ್ಕಿಗಳು ಅಂದ್ರೆ ಪ್ರಾಣ. ಆ ಗರಿ ಇಲ್ಲೇ ಇಟ್ಟು ಹೋಗು. ಸಾಕ್ಷಿ ಹೇಳೋದಕ್ಕೆ ನಾನಿದ್ದೀನಿ."