ಅಕ್ಕನ ಹಂಚಿನ ಆಸ್ಪತ್ರೆ

ನನ್ನ ಅಕ್ಕನ ಮನೆಯಲ್ಲಿ ತಂಗಬೇಕೆಂದಿದ್ದರೆ ಮನುಷ್ಯರಾಗಿ ಹೋಗಿ ಪ್ರಯೋಜನವಿಲ್ಲ. ಹಂಚಾಗಿ ಹೋಗಬೇಕು. ಮಾಡಿಗೆ ಹೊದಿಸುವ ಕೆಂಪು ಹಂಚಿಗೆ ಅಲ್ಲಿ ಮಂಚವಿದೆ, ಮೆತ್ತಗಿರಲೆಂದು ಹಳೆಯ ಸೀರೆಯ ಹಾಸು ಇದೆ. ಒಡಹುಟ್ಟಿದ ತಮ್ಮನಾದ ನನಗೆ ಒಮ್ಮೆ ಸಿಕ್ಕಿದ್ದು ನಡುಕೋಣೆಯ ನೆಲ, ಒಂದು ಚಾಪೆ ಮತ್ತು ಒಂದು ಎಚ್ಚರಿಕೆ: "ಕಾಲು ನೀಡಬೇಡ ಮಾರಾಯ, ಅಲ್ಲಿ ಮೂರು ಜನ ಮಲಗಿದ್ದಾರೆ."

ಆ ಮೂರು ಜನ ಯಾರೆಂದು ಹೇಳಬೇಕೆ?

ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಾಗಾಗಿ ಅಕ್ಕನ ಬೈಗುಳದ ಖಾರ ಅರ್ಧಕ್ಕರ್ಧ ಕಡಿಮೆಯಾಗಿದೆ ಎಂದು ಓದುವವರು ತಿಳಿದುಕೊಳ್ಳಬೇಕು.

ಅಕ್ಕ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿಯ ದಿನ ಆಸ್ಪತ್ರೆ ಅವಳನ್ನು ಬಿಟ್ಟಿತು, ಅವಳು ಆಸ್ಪತ್ರೆಯನ್ನು ಬಿಡಲಿಲ್ಲ. ಅದೇ ಸಮಯಕ್ಕೆ ಊರಿನ ಹಳೆಯ ಹಂಚಿನ ಮನೆಗಳನ್ನೆಲ್ಲ ಕೆಡವಿ ಫ್ಲಾಟ್ ಕಟ್ಟುವ ಭರಾಟೆ. ಮನೆ ಬಿದ್ದಲ್ಲಿಗೆ ಜನ ಮರ ಕೇಳಲು ಹೋಗುತ್ತಾರೆ, ಬಾಗಿಲು ಕೇಳಲು ಹೋಗುತ್ತಾರೆ. ಅಕ್ಕ ಹೋಗಿ ಲಾರಿಯ ಮುಂದೆ ಕೊಡೆ ಊರಿ ನಿಲ್ಲುತ್ತಾಳೆ: "ಹಂಚು ಬಿಸಾಡುವ ಮೊದಲು ನನಗೊಮ್ಮೆ ತೋರಿಸಿ." ಒಂದೊಂದನ್ನೇ ತಿರುಗಿಸಿ ಬೆನ್ನು ನೋಡುತ್ತಾಳೆ. ಹಿಂದಿನ ಕಾಲದ ಒಂದೊಂದು ಕಾರ್ಖಾನೆಯೂ ಹಂಚಿನ ಬೆನ್ನಿಗೆ ತನ್ನದೊಂದು ಗುರುತು ಒತ್ತುತ್ತಿತ್ತು. ಒಂದರದ್ದು ಆನೆ, ಒಂದರದ್ದು ಕೋಳಿ, ಇನ್ನೊಂದರದ್ದು ತಾವರೆ. ತನ್ನಲ್ಲಿ ಇಲ್ಲದ್ದು ಸಿಕ್ಕಿದರೆ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ರಿಕ್ಷಾ ಹತ್ತುತ್ತಾಳೆ.

ಒಮ್ಮೆ ರಿಕ್ಷಾದವರು ಕನ್ನಡಿಯಲ್ಲಿ ನೋಡಿ, ಮೊಮ್ಮಗುವೆಂದು ತಿಳಿದು ಕೇಳಿದರಂತೆ, "ಪುಳ್ಳಿಯಾ ಅಮ್ಮ?"

"ಅಲ್ಲ, ಅಜ್ಜ. ಹಂಪ್ ಬಂದಲ್ಲಿ ಮೆಲ್ಲ ಹೋಗಿ. ಮೊದಲೇ ಬಿರುಕು ಉಂಟು."

ರಿಕ್ಷಾದವರು ಆಮೇಲೆ ಅತ್ತಾವರದ ಮನೆ ಮುಟ್ಟುವವರೆಗೆ ಹಿಂದೆ ತಿರುಗಿ ನೋಡಲಿಲ್ಲವಂತೆ.

ಮನೆಗೆ ಬಂದ ಹಂಚನ್ನು ಅವಳು ಅಡ್ಮಿಟ್ ಮಾಡಿಕೊಳ್ಳುತ್ತಾಳೆ. ಮೊದಲು ಸ್ನಾನ. ಆಮೇಲೆ ಅಂಚಿನಲ್ಲಿ ಬಣ್ಣದಲ್ಲಿ ಒಂದು ನಂಬರ್. ಆಮೇಲೆ ಮೊಬೈಲಿನಲ್ಲಿ ಎರಡು ಫೋಟೋ, ಮುಖದ್ದೊಂದು, ಬೆನ್ನಿನದ್ದೊಂದು. ಇದಕ್ಕೆ ಅವಳು ಎಕ್ಸ್‌ರೇ ಎನ್ನುತ್ತಾಳೆ. ಕೊನೆಗೆ ಪೇಪರಿನಲ್ಲಿ ಸುತ್ತಿ, ಹೊರಗೂ ಅದೇ ನಂಬರ್ ಬರೆದು ಮಲಗಿಸುತ್ತಾಳೆ. ಅವಳ ಮಗಳು ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಪಟ್ಟಿ ಇದೆ. ನಂಬರ್, ಬಂದ ಊರು, ದೂರು. ದೂರಿನ ಕಾಲಮ್ಮನ್ನು ಓದಬೇಕು ನೀವು. "ಎಡ ಮೂಲೆ ಹೋಗಿದೆ. ಧೈರ್ಯದಲ್ಲಿದ್ದಾನೆ." "ಮೇಲೆ ಹಾವಸೆ, ಒಳಗೆ ಗಟ್ಟಿ." "ನೀರು ಕುಡಿಯುತ್ತಾನೆ. ನಂಬುವ ಹಾಗಿಲ್ಲ." ಕೊನೆಯ ಕಾಲಮ್ಮಿನಲ್ಲಿ ನೀಲಿ ಅಕ್ಷರ. ಅದನ್ನು ಒತ್ತಿದರೆ ಆ ಹಂಚಿನ ಫೋಟೋ ತಾನಾಗಿ ಎದುರಿಗೆ ಬರುತ್ತದೆ. ಹಂಚಿಗೆ ಯಾವ ನಂಬರೋ ಫೋಟೋಕ್ಕೂ ಅದೇ ನಂಬರ್ ಹೆಸರು. ಮಗಳು ಹೇಳಿಕೊಟ್ಟದ್ದು ಒಂದೇ ಸಲ. ಅಷ್ಟು ವರ್ಷ ವಾರ್ಡಿನಲ್ಲಿ ಯಾವ ರೋಗಿಯ ಚೀಟಿಯನ್ನೂ ಅದಲುಬದಲು ಮಾಡದವಳಿಗೆ ಇದು ದೊಡ್ಡ ವಿದ್ಯೆಯೇ?

"ಇದರಿಂದ ಯಾರಿಗೆ ಉಪಕಾರ ಅಕ್ಕ?" ಎಂದು ನಾನು ಕೇಳಿದ್ದೆ.

"ನೀನು ಅಂಗಡಿಯಲ್ಲಿ ಮೊಳೆ ತೂಗಿದವ. ನಿನಗೆ ಎಂತ ಗೊತ್ತುಂಟು? ಒಂದು ಕಾರ್ಖಾನೆಯ ಹಂಚು ಇನ್ನೊಂದರ ಸಾಲಿನಲ್ಲಿ ಕೂರುದಿಲ್ಲ. ಬ್ಲಡ್ ಗ್ರೂಪಿನ ಹಾಗೆ."

ನಿಜವೇ. ಹಳೆಯ ಮಾಡಿನಲ್ಲಿ ಒಂದು ಹಂಚು ಒಡೆದರೆ ಅದೇ ಅಚ್ಚಿನದ್ದೇ ಬೇಕು. ಇಲ್ಲದಿದ್ದರೆ ಸಂದಿನಲ್ಲಿ ಮಳೆ ಇಳಿಯುತ್ತದೆ. ಜನ ಒಡೆದ ಹಂಚಿನ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅಕ್ಕ ಪಟ್ಟಿ ತೆರೆದು, ನೀಲಿ ಅಕ್ಷರ ಒತ್ತಿ ಒತ್ತಿ ಹೊಂದುವವನನ್ನು ಹುಡುಕಿ, "ಬನ್ನಿ, ಡಿಸ್ಚಾರ್ಜ್ ಮಾಡ್ತೇನೆ" ಎನ್ನುತ್ತಾಳೆ. ಬಂದವರೆಲ್ಲ ಅವಳನ್ನು ಕರೆಯುವುದು ಸಿಸ್ಟರ್ ಎಂದು. ಆ ಮಾತಿಗೆ ನಿಜವಾದ ಹಕ್ಕಿರುವ ನಾನೊಬ್ಬ ಮಾತ್ರ ಹಾಗೆ ಕರೆಯುವುದಿಲ್ಲ.

ಇಲ್ಲಿಯವರೆಗೆ ಅಕ್ಕನ ಹುಚ್ಚು. ಇನ್ನು ನನ್ನದು.

ಕಳೆದ ಮಳೆಗಾಲದಲ್ಲಿ ಅಕ್ಕ ಮಗಳ ಮನೆಗೆಂದು ಉಡುಪಿಗೆ ಹೋದಳು. ಗಿಡಕ್ಕೆ ನೀರು ಹಾಕುವ ಕೆಲಸ ನನಗೆ. ಮಳೆಗಾಲದಲ್ಲಿ ಗಿಡಕ್ಕೆ ನೀರು ಹಾಕುವವನಿಗೆ ಎಷ್ಟು ಕೆಲಸ ಇರುತ್ತದೆ? ಲ್ಯಾಪ್‌ಟಾಪ್ ತೆರೆದೆ. ಫೋಟೋಗಳನ್ನು ನೋಡಿದೆ. ಆನೆಯ ಪಕ್ಕದಲ್ಲಿ ಕೋಳಿ, ಕೋಳಿಯ ಪಕ್ಕದಲ್ಲಿ ತಾವರೆ, ಮತ್ತೆ ಆನೆ. ಕಂಕನಾಡಿಯಲ್ಲಿ ಜೀವಮಾನವಿಡೀ ಹಾರ್ಡ್‌ವೇರ್ ಅಂಗಡಿ ನಡೆಸಿದವನ ಕಣ್ಣಿಗೆ ಇದು ಸಹಿಸುವಂಥದ್ದಲ್ಲ. ನನ್ನ ಅಂಗಡಿಯಲ್ಲಿ ಮೊಳೆಯ ಡಬ್ಬಕ್ಕೆ ಒಂದು ಸ್ಕ್ರೂ ಬಿದ್ದರೆ ನನಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಅಕ್ಕನಿಗೊಂದು ಉಪಕಾರ ಮಾಡೋಣ ಎಂದು ಕುಳಿತೆ. ಆನೆಗಳನ್ನೆಲ್ಲ ಒಟ್ಟಿಗೆ, ಕೋಳಿಗಳನ್ನೆಲ್ಲ ಒಟ್ಟಿಗೆ ಮಾಡಿದೆ. ಫೋಟೋಗಳ ಹಳೆಯ ನಂಬರ್ ಅಳಿಸಿ ಒಂದರಿಂದ ಶುರುಮಾಡಿ ಹೊಸ ನಂಬರ್ ಕೊಟ್ಟೆ. ಎಸ್ಸೆಸ್ಸೆಲ್ಸಿ ಓದಿದವನು ಕಂಪ್ಯೂಟರಿನಲ್ಲಿ ಇಷ್ಟು ಮಾಡಿದೆನಲ್ಲ ಎಂದು ಹೆಮ್ಮೆಯೂ ಪಟ್ಟೆ.

ರೋಗಿಗಳು ನಿದ್ದೆಯಲ್ಲಿದ್ದಾಗ ಒಬ್ಬ ಬಂದು ಎಲ್ಲರ ಚೀಟಿ ಬದಲಿಸಿ ಹೋದ ಹಾಗಾಯಿತು. ನೀಲಿ ಅಕ್ಷರ ಒತ್ತಿದರೆ ಫೋಟೋ ಬರುತ್ತಿತ್ತು, ಆದರೆ ಬೇರೆ ಯಾರದೋ. ಫೋಟೋ ಬಾರದೇ ಇದ್ದಿದ್ದರೆ ಅಕ್ಕ ಕಂಪ್ಯೂಟರಿಗೆ ಬೈಯುತ್ತಿದ್ದಳು.

ಅವಳು ವಾಪಸು ಬಂದ ಮೇಲೆ ಮೊದಲು ಇದರ ಪೆಟ್ಟು ತಿಂದವರು ಕಾವೂರಿನ ಒಬ್ಬರು. ಅವರ ತಾಯಿ ಮಲಗುವ ಕೋಣೆಯ ಮೇಲೆ ಹಂಚು ಒಡೆದು ಮಂಚದ ಪಕ್ಕ ಬಕೆಟ್ ಇಟ್ಟಿದ್ದರು. ಅಕ್ಕ ಫೋಟೋ ನೋಡಿ, ಅದರ ನಂಬರಿನ ಕಟ್ಟನ್ನೇ ತೆಗೆದುಕೊಟ್ಟಳು. ಅವರು ಏಣಿ ಇಟ್ಟು ಮಾಡು ಹತ್ತಿ, ಅಲ್ಲಿ ಪೇಪರ್ ಬಿಚ್ಚಿದರು. ಅರ್ಧ ಗಂಟೆಯಲ್ಲಿ ಒದ್ದೆಯಾಗಿ ನಮ್ಮ ಮುಂದೆ ನಿಂತಿದ್ದರು.

"ಸಿಸ್ಟರ್, ನಮ್ಮದರಲ್ಲಿ ಕೋಳಿ. ಇದರಲ್ಲಿ ತಾವರೆ ಉಂಟು."

ಅಕ್ಕ ಲ್ಯಾಪ್‌ಟಾಪ್ ನೋಡಿದಳು, ಹಂಚು ನೋಡಿದಳು, ಮತ್ತೆ ಲ್ಯಾಪ್‌ಟಾಪ್ ನೋಡಿದಳು. "ಫೋಟೋ ಸೇರಿಸುವಾಗ ನಾನೇ ತಪ್ಪಿದ್ದೇನೆ" ಎಂದಳು. ಅಕ್ಕ ತಾನು ತಪ್ಪಿದ್ದೇನೆ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಪಕ್ಕದಲ್ಲೇ ಕೂತು ಚಾ ಕುಡಿಯುತ್ತಿದ್ದೆ. ನನಗೆ ಆ ಕ್ಷಣಕ್ಕೇ ಎಲ್ಲ ಅರ್ಥವಾಗಿತ್ತು. ಹೇಳಬಹುದಿತ್ತು. ಹೇಳಲಿಲ್ಲ. "ಇವ ಮುಟ್ಟಿದ್ದು ಯಾವುದು ಸರಿಯಾಗಿದೆ?" ಎಂದು ಚಿಕ್ಕಂದಿನಿಂದ ಕೇಳಿಸಿಕೊಂಡವನು. ಈ ಪ್ರಾಯದಲ್ಲಿ ಮತ್ತೊಮ್ಮೆ, ಅದೂ ಒದ್ದೆಯಾಗಿ ನಿಂತ ಹೊರಗಿನವರ ಮುಂದೆ, ಬೇಡವೆನಿಸಿತು. ಗುಟ್ಟಾಗಿ ಸರಿಮಾಡಿಬಿಡುತ್ತೇನೆ ಎಂದುಕೊಂಡೆ. ಎರಡು ಸಲ ಪ್ರಯತ್ನಿಸಿಯೂ ನೋಡಿದೆ. ಅಂಚಿನ ನಂಬರ್ ಫೋಟೋದಲ್ಲಿ ಕಾಣುವುದಿಲ್ಲ. ಯಾವ ಆನೆ ಮೊದಲು ಎಲ್ಲಿತ್ತು ಎಂದು ಯಾರಿಗೆ ನೆನಪಿರುತ್ತದೆ?

ಅಕ್ಕ ಮಾತು ಕಡಿಮೆ ಮಾಡಿದಳು. ಹೊಸ ಹಂಚು ಅಡ್ಮಿಟ್ ಆಗುವುದು ನಿಂತಿತು. ಜನ ವಾಟ್ಸಾಪ್ ಮಾಡಿದರೆ "ಈಗ ಇಲ್ಲ" ಎನ್ನತೊಡಗಿದಳು. ಒಂದು ದಿನ ನನ್ನನ್ನು ಕರೆದು, "ಬುಧವಾರ ಬಾ, ಕಂಕನಾಡಿಯಲ್ಲಿ ಒಬ್ಬ ಡಾಕ್ಟರನ್ನು ಕಾಣ್ಲಿಕ್ಕುಂಟು" ಎಂದಳು. ಮಂಡಿನೋವಿಗೆ ಇರಬೇಕೆಂದು ಹೋದೆ.

ಬೋರ್ಡು ನೋಡಿದರೆ ನರರೋಗ ತಜ್ಞರದ್ದು.

ಕಾಯುವ ಕುರ್ಚಿಯಲ್ಲಿ ಅಕ್ಕ ಮದುವೆ ಮನೆಗೆ ಉಡುವ ಸೀರೆ ಉಟ್ಟು ನೆಟ್ಟಗೆ ಕುಳಿತಿದ್ದಳು. ತುಟಿ ಅಲ್ಲಾಡುತ್ತಿತ್ತು.

"ಎಂತ ಅಕ್ಕ, ಜಪವಾ?"

"ಇವತ್ತು ಬುಧವಾರ. ಇದು ಕಂಕನಾಡಿ. ನೂರರಿಂದ ಏಳು ಕಳೆದರೆ ತೊಂಬತ್ತಮೂರು. ಇದನ್ನೆಲ್ಲ ಕೇಳ್ತಾರೆ. ನಾನೇ ಎಷ್ಟು ಜನರ ಹತ್ತಿರ ಕೇಳ್ಲಿಲ್ಲ?" ಕೊಡೆಯನ್ನು ಮಡಿಲಿಗೆ ಎಳೆದುಕೊಂಡಳು. "ಅಮ್ಮನಿಗೂ ಹೀಗೇ ಶುರುವಾದದ್ದು. ಉಪ್ಪಿನ ಭರಣಿಗೆ ಸಕ್ಕರೆ ಹಾಕ್ತಿದ್ದಳು. ನಾನು ಕೋಳಿಯ ಜಾಗದಲ್ಲಿ ತಾವರೆ ಹಾಕಿದ್ದೇನೆ. ಒಂದಲ್ಲ, ಎಲ್ಲವೂ ಹಾಗೇ ಉಂಟು. ಹಾಕಿದ ನೆನಪೇ ಇಲ್ಲ."

ಅಮ್ಮ ಕೊನೆಗೆ ನಮ್ಮಿಬ್ಬರನ್ನೂ ಗುರುತಿಸುತ್ತಿರಲಿಲ್ಲ. ಅವಳ ಬಾಯಿಗೆ ಗಂಜಿ ಇಟ್ಟು ನೋಡಿಕೊಂಡವಳು ಅಕ್ಕ. ಆ ಗಂಜಿಯ ಬಟ್ಟಲಿನ ಆಚೆ ಬದಿ, ಉಣಿಸಿಕೊಳ್ಳುವವರ ಬದಿ, ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅಕ್ಕ," ಎಂದೆ. "ಫೋಟೋದ ನಂಬರ್ ಬದಲಿಸಿದ್ದು ನಾನು."

"ಎಂತ?"

"ನೀನು ಉಡುಪಿಗೆ ಹೋಗಿದ್ದಾಗ. ಆನೆ ಎಲ್ಲ ಒಂದು ಕಡೆ ಮಾಡಿದೆ."

"ಎಷ್ಟು ಬದಲಿಸಿದ್ದಿ?"

"ಎಲ್ಲವೂ."

"ಒಂದೂ ಬಿಡದೆ?"

"ಕೆಲಸ ಅರ್ಧ ಮಾಡಿ ನನಗೆ ಅಭ್ಯಾಸ ಇಲ್ಲ."

ಕೊಡೆಯ ಹಿಡಿ ನನ್ನ ಮಂಡಿಗೆ ಬಿತ್ತು. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನರರೋಗದ ಆಸ್ಪತ್ರೆಯಾದ್ದರಿಂದ ಯಾರಿಗೂ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಹಾಗಾದ್ರೆ ನನ್ನ ತಲೆ ಸರಿ ಉಂಟಾ?"

"ನಿನ್ನದು ಸರಿ ಉಂಟು."

"ಇಷ್ಟು ದಿನ ಬಾಯಿಗೆ ಎಂತ ತುಂಬಿಸಿಕೊಂಡಿದ್ದಿ?"

ಅಕ್ಕ ಸೆರಗಿನಿಂದ ಕನ್ನಡಕ ಒರೆಸಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು:

"ಬೆಳಿಗ್ಗೆ ಕಣ್ಣು ಬಿಡುವ ಮೊದಲು ನಿನ್ನ ಮುಖ ನೆನಪು ಮಾಡಿ ನೋಡ್ತಿದ್ದೆ. ಬಂದ್ರೆ ಮಾತ್ರ ಎದ್ದು ಚಾಕ್ಕೆ ಇಡ್ತಿದ್ದೆ."

"ನನ್ನದೇ ಯಾಕೆ?"

"ಇಂಥ ಮುಖ ಮರೆತು ಹೋದ್ರೆ ಮತ್ತೆ ರೋಗ ನಿಜವೇ ಅಲ್ವಾ ಮಾರಾಯ?"

ನಗಬೇಕಾದ ಮಾತು. ನಾನು ಬೋರ್ಡನ್ನು ಮತ್ತೆ ಓದುತ್ತ ಕುಳಿತೆ. ಅಷ್ಟರಲ್ಲಿ ಅವಳ ಹೆಸರು ಕರೆದರು. ಅಕ್ಕ ಎದ್ದು, "ಬಂದದ್ದು ಬಂದಾಯ್ತು, ನಿನ್ನನ್ನು ಒಮ್ಮೆ ತೋರಿಸಿ ಹೋಗುವ" ಎಂದು ನನ್ನ ತೋಳು ಹಿಡಿದಳು. ಡಾಕ್ಟರನ್ನು ಕಂಡು, ಮೆಟ್ಟಿಲು ಇಳಿದು ರಸ್ತೆಗೆ ಬರುವವರೆಗೂ ಆ ಹಿಡಿತ ಬಿಡಲಿಲ್ಲ.

ಈಗ ನಾವಿಬ್ಬರೂ ಒಂದೊಂದೇ ಕಟ್ಟು ಬಿಚ್ಚಿ, ಹಂಚು ನೋಡಿ, ಫೋಟೋಕ್ಕೆ ಅದರ ನಂಬರನ್ನು ವಾಪಸು ಕೊಡುತ್ತಿದ್ದೇವೆ. ಕಾವೂರಿನವರ ಕೋಳಿ ಸಿಕ್ಕಿತು. ಅವರ ತಾಯಿಯ ಕೋಣೆಯ ಬಕೆಟ್ ಬಚ್ಚಲಿಗೆ ವಾಪಸು ಹೋಗಿದೆ. ಹೊಸ ಹಂಚು ಬಂದರೆ ಪಕ್ಕದಲ್ಲಿ ನಂಬರ್ ಬರೆದ ಸ್ಲೇಟು ಇಟ್ಟೇ ಫೋಟೋ ತೆಗೆಯುತ್ತೇವೆ. ಇನ್ನು ಯಾವ ಬುದ್ಧಿವಂತನೂ ಅದನ್ನು ಬದಲಿಸುವ ಹಾಗಿಲ್ಲ. ಸ್ಲೇಟು ಹಿಡಿಯುವ ಕೆಲಸ ನನ್ನದು. "ಅಲ್ಲಾಡಬೇಡ" ಎಂಬ ಮಾತು ದಿನಕ್ಕೆ ಎಷ್ಟು ಸಲ ಕೇಳುತ್ತೇನೋ ಲೆಕ್ಕವಿಲ್ಲ.

ಅಷ್ಟು ಬೆಳಿಗ್ಗೆ ಯಾಕೆ ಬರುತ್ತಿ ಎಂದು ಅಕ್ಕ ಬೈಯುತ್ತಾಳೆ. ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಸುಳ್ಳು ಹೇಳುತ್ತೇನೆ. ಅವಳು ಕಣ್ಣು ಬಿಡುವ ಹೊತ್ತಿಗೆ ಬಾಗಿಲು ತಟ್ಟಿ, ಚಾಕ್ಕೆ ನಾನೇ ಇಡುತ್ತೇನೆ. ಮುಖ ಎದುರಿಗೇ ಇದ್ದರೆ ನೆನಪು ಮಾಡಿಕೊಳ್ಳುವ ಕಷ್ಟ ಅವಳಿಗೆ ಯಾಕೆ?